11,412 ಮೈಲಿಗೆ ಬೆಲೆ ಕಟ್ಟಿದ ದಿನ

ಸೋಣ ತಿಂಗಳ ಮಳೆ ಒಂದಿಷ್ಟು ಹೊಳವು ಕೊಟ್ಟ ಬೆಳಗ್ಗೆ ಕಾಸರಗೋಡು ಬಳಿಯ ನೀರ್ಚಾಲಿನಿಂದ ಭಾವನ ಕರೆ ಬಂತು. "ಭಾವ, ಅಪ್ಪನ ಕಾರನ್ನು ಕೇಳಿಕೊಂಡು ಬೆಂಗಳೂರಿನಿಂದ ಜನ ಬರುತ್ತಾರಂತೆ. ಅದಕ್ಕೆ ಮೊದಲು ನೀವೊಮ್ಮೆ ಬಂದು ನೋಡಬೇಕು. ಓಡಿದ್ದು ಬರೇ ಹನ್ನೊಂದು ಸಾವಿರ ಕಿಲೋಮೀಟರ್."

ಮೂವತ್ತೊಂದು ವರ್ಷ ವಾಹನ ವಿಮೆಯ ಸರ್ವೇಯರ್ ಆಗಿ ದುಡಿದವನು ನಾನು. ಜಜ್ಜಿದ ಜೀಪು, ಹೊಳೆಗೆ ಬಿದ್ದ ಲಾರಿಗಳ ನಷ್ಟ ಲೆಕ್ಕ ಹಾಕುವುದೇ ನನ್ನ ಕೆಲಸವಾಗಿತ್ತು. ಅಡಿಕೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಸರಿಸಿದಾಗ ಮಾತ್ರ ಸ್ವಲ್ಪ ಹೊತ್ತು ಪೆನ್ನು ತೆಗೆಯಲು ಮನಸ್ಸಾಗಲಿಲ್ಲ. 1967ರ ಎಂಜಿಬಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಮಾಡು, ಕ್ರೋಮ್ ಬಂಪರ್, ಹಾಲಿನ ಬಣ್ಣ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿ. ಡಾಕ್ಟರಾಗಿದ್ದ ಭಾವನ ಅಪ್ಪ ಅಲ್ಲಿನ ನೌಕರಿ ಮುಗಿಸಿ ಊರಿಗೆ ಮರಳುವಾಗ ಹಡಗಿನಲ್ಲಿ ತಂದದ್ದು.

ಮೀಟರಿನಲ್ಲಿ 11,412 ಇತ್ತು. ಅದು ಕಿಲೋಮೀಟರ್ ಅಲ್ಲ, ಮೈಲಿ. ಎಂದರೆ ಹದಿನೆಂಟು ಸಾವಿರ ಕಿಲೋಮೀಟರಿಗೂ ಮೇಲೆ. ಭಾವನ ಮುಖ ಸಣ್ಣದಾಯಿತು. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇತ್ತು. ಐದೇ ಅಂಕಿಯ ಮೀಟರ್ 99,999 ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಈ ಕಾರು ಒಂದು ಸುತ್ತು ಮುಗಿಸಿದ್ದರೆ? ಅದಕ್ಕೆ ಉತ್ತರವನ್ನು ಮೀಟರ್ ಕೊಡುವುದಿಲ್ಲ, ಪೆಡಲ್ ಕೊಡುತ್ತದೆ. ಕ್ಲಚ್ಚಿನ ರಬ್ಬರಿನ ಗೆರೆಗಳು ಬೆರಳಿಗೆ ಚುಚ್ಚುವಷ್ಟು ಚೂಪಾಗಿದ್ದವು. ಚಾಲಕನ ಸೀಟಿನ ಅಂಚು ಪಕ್ಕದ ಸೀಟಿನ ಅಂಚಿನಷ್ಟೇ ಗಟ್ಟಿ. ಬಾಗಿಲನ್ನು ಎತ್ತಿ ಅಲ್ಲಾಡಿಸಿದರೆ ಕೀಲಿನಲ್ಲಿ ಸಡಿಲಿಕೆಯೇ ಇಲ್ಲ. ಲಕ್ಷ ಮೈಲಿ ಓಡಿದ ಕಾರು ಹೀಗಿರಲು ಸಾಧ್ಯವಿಲ್ಲ.

ಅಷ್ಟರಲ್ಲಿ ಭಾವ ಕಪಾಟಿನಿಂದ ಒಂದು ನೋಟ್ ಪುಸ್ತಕ ತಂದರು. ಪೆಟ್ರೋಲ್ ಹಾಕಿದ ದಿನ, ಎಷ್ಟು ಲೀಟರ್, ಮೀಟರಿನ ಅಂಕಿ: ಎಲ್ಲವೂ ಡಾಕ್ಟರ ಕೈಬರಹದಲ್ಲಿ. ಕೊನೆಯ ಸಾಲು 1986ರದ್ದು, 11,394. ಉಳಿದ ಹದಿನೆಂಟು ಮೈಲಿ ಎಲ್ಲಿಗೆಂದು ಭಾವನಿಗೇ ನೆನಪಿತ್ತು. ತಂಗಿಯ ಮದುವೆಯ ಹಿಂದಿನ ದಿನ ಕಾಸರಗೋಡು ಪೇಟೆಗೆ ಹೋಗಿ ಬಂದದ್ದು. ನಾನು ಆ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೇಳಿದೆ: "ಕಾರಿಗಿಂತ ಮೊದಲು ಇದನ್ನು ಗೆದ್ದಲು ಮುಟ್ಟದ ಕಡೆ ಇಡಿ." ಕಡಿಮೆ ಓಡಿದೆ ಎಂಬ ಮಾತಿಗೆ ಯಾರೂ ಹಣ ಕೊಡುವುದಿಲ್ಲ, ಕೊಡುವುದು ಅದರ ಸಾಕ್ಷಿಗೆ. ಸುಂಕ ಕಟ್ಟಿದ ರಶೀದಿಯೂ ಅದೇ ಪೆಟ್ಟಿಗೆಯಲ್ಲಿ ಸಿಕ್ಕಿತು. ಹೊರದೇಶದಿಂದ ಬಂದ ಕಾರಿಗೆ ಅದಿಲ್ಲದಿದ್ದರೆ ಬೆಲೆಯ ಮಾತನ್ನೇ ಎತ್ತುವಂತಿಲ್ಲ.

ಆದರೆ ಓಡದೆ ನಿಂತದ್ದಕ್ಕೂ ಬೆಲೆ ತೆರಬೇಕು. ನಮ್ಮ ಜಿಲ್ಲೆಯ ಮಳೆಗಾಲಗಳನ್ನು ಮುರಕಲ್ಲಿನ ಶೆಡ್ಡಿನಲ್ಲಿ ಕಳೆದ ಕಾರು ಅದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಿಂದಿನ ಚಕ್ರಗಳ ಬ್ರೇಕ್ ಸಿಲಿಂಡರ್ ಒಳಗಿಂದಲೇ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎರಡೂ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಂಟಾಗಿತ್ತು. ಟೈರಿನ ಗೆರೆ ಆಳವಾಗಿಯೇ ಇದ್ದರೂ ಪಕ್ಕದ ರಬ್ಬರ್ ಒಡೆದಿತ್ತು. ಪೇಟೆಯಿಂದ ಬಂದ ಹುಡುಗ ಹೊಸ ಬ್ಯಾಟರಿ ಜೋಡಿಸಲು ಹೊರಟಾಗ ನಾನು ಕೈ ಹಿಡಿದು ತಡೆದೆ. ಆ ವರ್ಷದ ಎಂಜಿಬಿಯಲ್ಲಿ ಕಾರಿನ ತಗಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ, ಈಗಿನ ಕಾರುಗಳಿಗೆ ತದ್ವಿರುದ್ಧ. ಎಂಜಿನ್ನನ್ನು ಚಾಲೂ ಮಾಡುವ ಗೋಜಿಗೇ ಹೋಗಲಿಲ್ಲ. ಪ್ಲಗ್ ಬಿಚ್ಚಿ, ಎಂಜಿನ್ನಿನ ಸಿಲಿಂಡರಿಗೆ ಎಣ್ಣೆ ಬಿಟ್ಟು, ಮಾರನೆಯ ದಿನ ನಾಲ್ಕನೇ ಗೇರಿನಲ್ಲಿ ಮೆಲ್ಲನೆ ತಳ್ಳಿದೆವು. ಎಂಜಿನ್ ತಿರುಗಿತು. ಭಾವ ಚಪ್ಪಾಳೆ ತಟ್ಟಿದರು.

ಇಷ್ಟೆಲ್ಲ ರಿಪೇರಿಯಾಗುವಂಥದ್ದು. ನನ್ನ ಭಯವಿದ್ದದ್ದು ತಗಡಿನ ಬಗ್ಗೆ. ಈ ಕಾರಿಗೆ ಅಡಿಯಲ್ಲಿ ಬೇರೆ ಚೌಕಟ್ಟು, ಅಂದರೆ ಚಾಸಿ, ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತಗಡೇ ಬೆನ್ನೆಲುಬು, ಮೇಲೆ ತಗಡಿನ ಮಾಡೂ ಇಲ್ಲ. ಆ ಬೆನ್ನೆಲುಬು ತುಕ್ಕು ಹಿಡಿದಿದ್ದರೆ ಎತ್ತಿದಾಗ ಕಾರು ಬಗ್ಗಿ ಬಾಗಿಲು ತಗಲುತ್ತದೆ. ಒಂದೊಂದು ಬದಿಯನ್ನೂ ಜಾಕಿನಿಂದ ಎತ್ತಿ ಬಾಗಿಲು ಹಾಕಿ ನೋಡಿದೆ. ಬಲಗಡೆ ಸಲೀಸಾಗಿ ಮುಚ್ಚಿತು. ಎಡಗಡೆ, ಮಳೆನೀರು ಸಿಡಿಯುವ ಗೋಡೆಯ ಬದಿಯಲ್ಲಿ, ಬಾಗಿಲು ತಗಲಿಕೊಂಡಿತು. ಸ್ಕ್ರೂಡ್ರೈವರಿನ ತುದಿ ಒತ್ತಿದೆ, ಒಳಗೆ ಹೋಯಿತು. ಪುಟ್ಟಿ ಬಳಿದಲ್ಲಿ ಅಯಸ್ಕಾಂತ ಕಚ್ಚುವುದಿಲ್ಲ; ಅದನ್ನು ಹಿಡಿದು ಕಬ್ಬಿಣದ ತಗಡನ್ನೆಲ್ಲ ಸುತ್ತಿದೆ. ಎಲ್ಲಿಯೂ ಪುಟ್ಟಿ ಬಳಿದಿರಲಿಲ್ಲ, ಕಾರ್ಖಾನೆಯ ಬಣ್ಣವೇ. ಎಡಗಡೆಯ ಟಿಂಕರಿಂಗ್ ಕೆಲಸ ಮಾತ್ರ ದೊಡ್ಡದು.

ಅಂಗಳದಲ್ಲಿ ಕುಳಿತು ಲೆಕ್ಕ ಬರೆದೆ. ಚೆನ್ನಾಗಿ ಓಡುತ್ತಿರುವ, ಸಾಧಾರಣ ಬಳಕೆಯ ಅದೇ ಮಾದರಿಯ ಬೆಲೆ ಮೊದಲು. ನೋಟ್ ಪುಸ್ತಕ, ರಶೀದಿ, ಮೂಲ ಬಣ್ಣಕ್ಕೆ ಧಾರಾಳವಾಗಿ ಸೇರಿಸಿದೆ. ಎಡಗಡೆಯ ತಗಡು, ಬ್ರೇಕ್, ಕಾರ್ಬುರೇಟರ್, ಟೈರುಗಳನ್ನು ಕಳೆದೆ. ಭಾವ ಮನಸ್ಸಿನಲ್ಲಿಟ್ಟುಕೊಂಡಿದ್ದರ ಮುಕ್ಕಾಲು ಪಾಲಿಗೆ ಬಂದು ನಿಂತಿತು. "ಹೊಸದಾಗಿ ಬಣ್ಣ ಹೊಡೆಸಿದರೆ ಏರುವುದಿಲ್ಲವೇ?" ಎಂದರು. ಇಳಿಯುತ್ತದೆ ಎಂದೆ. ಕಾರ್ಖಾನೆಯ ಬಣ್ಣ ಒಮ್ಮೆ ಹೋದರೆ ಹೋಯಿತು.

ಚಹಾ ಮುಗಿಯುವಾಗ ಅವರು ಮೆಲ್ಲನೆ ಕೇಳಿದರು: "ಕೊಡದೆ ಇಟ್ಟುಕೊಂಡರೆ?" ಐವತ್ತು ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಅದರಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ. ಮಧೂರು ದೇವಸ್ಥಾನಕ್ಕೆ ಹೋಗಿಬರಬೇಕಾದರೆ ಹಳೆಯ ಆರ್.ಸಿ.ಯನ್ನೇ ನವೀಕರಿಸಲು ಓಡಾಡಬೇಕು. ಅವರು ಉತ್ತರ ಕೊಡದೆ ನೋಟ್ ಪುಸ್ತಕದ ಖಾಲಿ ಪುಟಗಳನ್ನು ಮಗುಚುತ್ತಿದ್ದರು.

ಬೆಂಗಳೂರಿನವರು ಬರುವುದು ಮುಂದಿನ ಭಾನುವಾರ.