ದಿಯಾಗೊರಸ್‌ನ ಮಗಳು

ಗ್ರೀಸಿನ ರೋಡ್ಸ್ ದ್ವೀಪದ ವಿಮಾನ ನಿಲ್ದಾಣಕ್ಕೆ ಒಬ್ಬ ಬಾಕ್ಸರ್‌ನ ಹೆಸರಿಟ್ಟಿದ್ದಾರೆ. ಅವನೇ ದಿಯಾಗೊರಸ್. ಕ್ರಿ.ಪೂ. 464ರ ಒಲಿಂಪಿಕ್ಸ್‌ನಲ್ಲಿ ಗೆದ್ದವನು. ಕ್ರಿ.ಪೂ. 448ರಲ್ಲಿ ಅವನ ಇಬ್ಬರು ಗಂಡುಮಕ್ಕಳು ಗೆದ್ದು, ಅಪ್ಪನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರಂತೆ. ಮೂರನೇ ಮಗ ದೊರಿಯೂಸ್ ಸತತ ಮೂರು ಒಲಿಂಪಿಕ್ಸ್ ಗೆದ್ದ.

ಹಳೇ ಊರಿನ ಕೋಟೆ ಚೆನ್ನಾಗಿದೆ. ಆದರೆ ಬೀದಿ ತುಂಬಾ ಫ್ರಿಜ್ ಮ್ಯಾಗ್ನೆಟ್ ಅಂಗಡಿಗಳೇ. ನನಗೆ ಬೇಗ ಸಾಕಾಯಿತು.

ಮಾಂಟೆ ಸ್ಮಿತ್ ಗುಡ್ಡದ ಹಳೇ ಕಾಲದ ಕ್ರೀಡಾಂಗಣಕ್ಕೆ ಹೊರಟೆ. ಈಗ ಬಸ್ ಬರುತ್ತೆ ಅಂದರು. ಬರಲೇ ಇಲ್ಲ. ಮಟಮಟ ಮಧ್ಯಾಹ್ನ ನಡೆದೇ ಹತ್ತಿದೆ. ಮೇಲೆ ನೆರಳು ಕಮ್ಮಿ. ನೀವು ಹೋದರೆ ಬಸ್ ನಂಬಬೇಡಿ, ಸಂಜೆ ಹೋಗಿ, ನೀರು ಜಾಸ್ತಿ ಇಟ್ಟುಕೊಳ್ಳಿ.

ಕಲ್ಲಿನ ಮೆಟ್ಟಿಲುಗಳ ನಡುವೆ ಉದ್ದನೆಯ ಮಣ್ಣಿನ ಅಂಗಳ. ಅಲ್ಲಿ ಊರಿನ ಹೆಂಗಸೊಬ್ಬರು ಓಡುತ್ತಿದ್ದರು. ಸುಸ್ತಾಗಿ ನನ್ನ ಪಕ್ಕ ಬಂದು ಕೂತರು. ದಿಯಾಗೊರಸ್ ಹೆಸರೆತ್ತಿದ್ದೇ ತಡ, "ಅವನ ಮಗಳ ಕತೆ ಗೊತ್ತಾ?" ಅಂದರು.

ಮಗಳ ಹೆಸರು ಕಲ್ಲಿಪಾತೈರಾ. ಮದುವೆಯಾದ ಹೆಂಗಸರು ಒಲಿಂಪಿಕ್ಸ್ ನೋಡುವ ಹಾಗೇ ಇರಲಿಲ್ಲ. ಸಿಕ್ಕಿಬಿದ್ದರೆ ತಿಪೈಯೋನ್ ಬೆಟ್ಟದಿಂದ ಕೆಳಕ್ಕೆ ತಳ್ಳುವ ಶಿಕ್ಷೆ. ಆಕೆ ಗಂಡಸಿನಂತೆ ತರಬೇತುದಾರನ ವೇಷ ಹಾಕಿ ಮಗ ಪೈಸಿರೊದೊಸ್ ಜೊತೆ ಹೋದಳು. ಮಗ ಗೆದ್ದ. ಖುಷಿ ತಡೆಯಲಾರದೆ ಬೇಲಿ ಹಾರಿದಳು, ಬಟ್ಟೆ ಸರಿದು ಗುಟ್ಟು ರಟ್ಟಾಯಿತು. ಅಪ್ಪ, ಅಣ್ಣತಮ್ಮಂದಿರು, ಮಗ, ಎಲ್ಲರೂ ಗೆದ್ದವರು ಅಂತ ಬಿಟ್ಟುಬಿಟ್ಟರು. ಅಲ್ಲಿಂದ ಮುಂದೆ ಆಟಗಾರರ ಹಾಗೆ ತರಬೇತುದಾರರೂ ಬೆತ್ತಲೆಯೇ ಬರಬೇಕು ಅಂತ ಕಾನೂನಾಯಿತು.

"ಬಿಟ್ಟಿದ್ದು ಗಂಡಸರ ಗೆಲುವಿಗಾಗಿ, ಅವಳ ಧೈರ್ಯಕ್ಕಲ್ಲ," ಅಂದರು ಆಕೆ. ನನಗೆ ಮಾತೇ ಹೊರಡಲಿಲ್ಲ. ಮಗನನ್ನು ಆಟಕ್ಕೆ ಕರೆತಂದ ತಾಯಿಗೆ, ಅವನು ಗೆಲ್ಲುವುದನ್ನು ನೋಡುವ ಹಕ್ಕೂ ಇರಲಿಲ್ಲ ಅಲ್ವಾ!

ಆಮೇಲೆ ಮಾತು ಓಟಗಾರ ಲಿಯೊನಿದಸ್ ಕಡೆ ಹೊರಳಿತು. ಅವನೂ ರೋಡ್ಸ್‌ನವನೇ. ಕ್ರಿ.ಪೂ. 164ರಿಂದ 152ರವರೆಗೆ ನಾಲ್ಕು ಒಲಿಂಪಿಕ್ಸ್, ಪ್ರತಿಸಲ ಮೂರು ಓಟ, ಒಟ್ಟು 12 ಗೆಲುವು. ವೈಯಕ್ತಿಕ ಸ್ಪರ್ಧೆಗಳ ಗೆಲುವಿನ ಈ ದಾಖಲೆಯನ್ನು ಮುರಿಯಲು 2016ರಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಬರಬೇಕಾಯಿತು. ಲಿಯೊನಿದಸ್‌ನ ಆ ಮೂರು ಓಟಗಳಲ್ಲಿ ಒಂದನ್ನು ಶಿರಸ್ತ್ರಾಣ ತೊಟ್ಟು, ಗುರಾಣಿ ಹಿಡಿದೇ ಓಡಬೇಕಿತ್ತು. ದ್ವೀಪದ ದೊಡ್ಡ ಆಟಗಾರ ಇವನೇ ಅಂತ ಆಕೆಯ ವಾದ. ನಾನು ಒಪ್ಪಲಿಲ್ಲ. ನನಗೆ ಬೇಲಿ ಹಾರಿದವಳೇ ದೊಡ್ಡವಳು ಅಂದೆ. ಆಕೆ ನಕ್ಕು, ಶೂ ಲೇಸ್ ಬಿಗಿದುಕೊಂಡು ಮತ್ತೆ ಓಡಲು ಹೋದರು.