ಮೂರು ಸುತ್ತು ಓಡಲಾಗದ ಹುಡುಗಿ

ನಾನು ಶಾಲೆಯ ಪಿ.ಟಿ. ಮೇಷ್ಟ್ರು. ನಮ್ಮ ಮೈದಾನದಲ್ಲಿ ಸುಣ್ಣ ಹಾಕಿ ಎಳೆದ 200 ಮೀಟರಿನ ಟ್ರ್ಯಾಕ್ ಇದೆ. ಮೂರು ಸುತ್ತು ಅಂದರೆ 600 ಮೀಟರು. ಒಂಬತ್ತನೇ ತರಗತಿಯ ಆ ಹುಡುಗಿ ಪ್ರತಿ ಸಲವೂ ಒಂದೂವರೆ ಸುತ್ತಿಗೆ ಕೂತುಬಿಡುತ್ತಿದ್ದಳು. "ಸೋಮಾರಿತನ ಬಿಡಮ್ಮ, ಎದ್ದು ಓಡು" ಅಂತ ಎಲ್ಲರ ಮುಂದೆ ಎರಡು ಸಲ ಗದರಿಸಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೇ ಸಲ ಅವಳು, "ಸರ್, ಕಣ್ಣಿಗೆ ಕತ್ತಲೆ ಬರುತ್ತೆ" ಅಂದಳು. ಉಗುರು, ತುಟಿ ಬಿಳಿಚಿಕೊಂಡಿದ್ದವು. ಗೆಳತಿ ಮೆಲ್ಲಗೆ ಹೇಳಿದಳು: "ಇವಳು ಬಳಪ ತಿಂತಾಳೆ ಸರ್." ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆಯ ಹಿಂದೆ ರಕ್ತಹೀನತೆ ಇರಬಹುದು ಅಂತ ಹಿಂದೆ ಒಂದು ತರಬೇತಿಯಲ್ಲಿ ಕೇಳಿದ್ದೆ. ಕೇಳಿ ಮರೆತಿದ್ದೆ.

ನಮ್ಮ ಶಾಲೆಯ ಮೇಡಂ ಒಬ್ಬರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ಹಿಮೋಗ್ಲೋಬಿನ್ 8.2 ಇತ್ತು. ಆ ವಯಸ್ಸಿಗೆ ಕಡಿಮೆ ಅಂದರೂ 12 ಇರಬೇಕು. ಮೈಗೆಲ್ಲ ಆಮ್ಲಜನಕ ಹೊತ್ತು ತರುವುದೇ ಅದು. ಅದೇ ಇಲ್ಲದಿದ್ದರೆ ಕಾಲಿಗೆ ಕಸುವು ಎಲ್ಲಿಂದ ಬರಬೇಕು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ನಾನು ಸೋಮಾರಿ ಅಂದುಕೊಂಡವರಲ್ಲಿ ಇಂಥವರು ಇನ್ನೆಷ್ಟು ಜನವೋ.

ಹಾಗಾದರೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ ಏನಾಯಿತು? ವಿಚಾರಿಸಿದೆ. ಎಷ್ಟೋ ಮಕ್ಕಳು ಜೇಬಿಗೆ ಹಾಕಿಕೊಂಡು ಸಂಜೆ ಬೇಲಿಗೆ ಎಸೆಯುತ್ತಿದ್ದರು. ಹೊಟ್ಟೆ ತೊಳಸುತ್ತೆ, ಕಕ್ಕಸು ಕಪ್ಪಗಾಗುತ್ತೆ ಅಂತ ಭಯ. ಅವರನ್ನು ಬೈದು ಪ್ರಯೋಜನವಿಲ್ಲ. ನಾವು ಮಾತ್ರೆ ಕೊಡುತ್ತಿದ್ದದ್ದು ಬೆಳಿಗ್ಗೆ ಪ್ರಾರ್ಥನೆಯ ನಂತರ, ಕ್ಷೀರಭಾಗ್ಯದ ಹಾಲಿನ ಜೊತೆ. ಬಹಳ ಮಕ್ಕಳು ಮನೆಯಿಂದ ಬರೀ ಟೀ ಕುಡಿದು ಬಂದಿರುತ್ತಾರೆ. ಖಾಲಿ ಹೊಟ್ಟೆಗೆ ಆ ಮಾತ್ರೆ ಬಿದ್ದರೆ ತೊಳಸದೆ ಇರುತ್ತದಾ? ಹಾಲು, ಟೀ ಎರಡೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ ಅಂತ ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿದರು. ಆಮೇಲೆ ಬಿಸಿಯೂಟ ಮುಗಿದ ಮೇಲೆ ಕೊಡಲು ಶುರು ಮಾಡಿದೆವು. ಕಪ್ಪಗಾದರೆ ಹೆದರಬೇಡಿ ಅಂತ ಮೊದಲೇ ಹೇಳಿದೆವು. ನಮ್ಮೆದುರೇ ನುಂಗುತ್ತಾರೆ ಈಗ.

ಬೇರೆ ಮೇಷ್ಟ್ರುಗಳಿಗೆ ಮಕ್ಕಳು ಬೆಂಚಿನ ಮೇಲೆ ಕೂತು ಕಾಣುತ್ತಾರೆ. ನನಗೆ ಓಡುವಾಗ, ಏದುಸಿರು ಬಿಡುವಾಗ ಕಾಣುತ್ತಾರೆ. ಆರೋಗ್ಯ ತಪಾಸಣೆಯ ತಂಡ ಬರುವುದು ವರ್ಷಕ್ಕೊಮ್ಮೆ. ಅದಕ್ಕೇ ಸಿಲಬಸ್ ಮುಗಿದಿಲ್ಲ ಅಂತ ಪಿ.ಟಿ. ಪೀರಿಯಡ್ ತೆಗೆದುಕೊಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. 5ರಿಂದ 17 ವರ್ಷದ ಮಕ್ಕಳ ಮೈ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ದಣಿಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜನವರಿ ಬಂದರೆ ನಮ್ಮ ಹತ್ತನೇ ತರಗತಿಯವರಿಗೆ ವಾರಕ್ಕೂ ಅಷ್ಟು ಸಿಗುವುದಿಲ್ಲ.

ಈಗ ತಿಂಗಳಿಗೊಮ್ಮೆ ಎಲ್ಲರ 600 ಮೀಟರಿನ ಸಮಯ ಬರೆದಿಡುತ್ತೇನೆ. ಮೊದಲೆಲ್ಲ ತಂಡ ಆರಿಸಲು ಮೇಲಿನ ನಾಲ್ಕು ಹೆಸರು ನೋಡುತ್ತಿದ್ದೆ. ಈಗ ಕೆಳಗಿನಿಂದ ಓದುತ್ತೇನೆ. ಹೋದ ತಿಂಗಳಿಗಿಂತ ನಿಧಾನವಾದವರನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ: ಬೆಳಿಗ್ಗೆ ಏನು ತಿಂದೆ? ಉಸಿರು ಕಟ್ಟುತ್ತಾ? ಮುಟ್ಟಿನ ವಿಷಯ ಹುಡುಗಿಯರು ನನ್ನ ಹತ್ತಿರ ಹೇಳುವುದಿಲ್ಲ, ಒತ್ತಾಯಿಸುವುದೂ ಸರಿಯಲ್ಲ. ಅದನ್ನು ಮೇಡಂ ಕೇಳುತ್ತಾರೆ. ಆ ಹುಡುಗಿಗೆ ಪ್ರತಿ ತಿಂಗಳು ಜಾಸ್ತಿ ರಕ್ತ ಹೋಗುತ್ತಿತ್ತು ಅಂತ ಗೊತ್ತಾಗಿದ್ದೂ ಅವರಿಂದಲೇ.

ಡಾಕ್ಟರು ಕೊಟ್ಟ ಮಾತ್ರೆಯನ್ನು ಅವಳು ಮೂರು ತಿಂಗಳು ತಪ್ಪದೆ ತೆಗೆದುಕೊಂಡಳು. ಫೆಬ್ರವರಿಯಲ್ಲಿ ಮೂರು ಸುತ್ತೂ ಮುಗಿಸಿದಳು, ನಡುವೆ ಒಂದಿಷ್ಟು ನಡೆದು. "ನಿನ್ನನ್ನು ಸೋಮಾರಿ ಅಂದದ್ದು ನನ್ನ ತಪ್ಪಮ್ಮ" ಅಂತ ಎಲ್ಲರ ಮುಂದೆಯೇ ಹೇಳಿದೆ. ತಲೆ ತಗ್ಗಿಸಿಕೊಂಡು, "ಪರವಾಗಿಲ್ಲ ಸರ್, ಟೈಮ್ ಎಷ್ಟು ಬಂತು?" ಅಂದಳು.