ಮಾತ್ರೆಯ ವೇಳೆ, ಪ್ರಾರ್ಥನೆಯ ವೇಳೆ

ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಖಚಿತವಾದ ಮೇಲೆ ನಮ್ಮ ಮನೆಯ ಸಂಜೆಯ ಪ್ರಾರ್ಥನೆಯ ಹೊತ್ತನ್ನು ನಿರ್ಧರಿಸುತ್ತಿರುವುದು ಲೆವೊಡೋಪಾ ಮಾತ್ರೆ. ಊಟದಲ್ಲಿನ ಪ್ರೋಟೀನ್ ಈ ಔಷಧಿ ದೇಹಕ್ಕೆ ಸೇರುವುದಕ್ಕೆ ಅಡ್ಡಿಪಡಿಸುವುದರಿಂದ ಅದನ್ನು ಊಟಕ್ಕೆ ಕನಿಷ್ಠ 30 ನಿಮಿಷ ಮೊದಲೇ ಕೊಡುತ್ತೇವೆ. ಬಿಗಿದ ಬೆರಳುಗಳು ಸಡಿಲಗೊಂಡು ಅಪ್ಪ ತಾವೇ ಗ್ರಂಥದ ಪುಟ ಮಗುಚುವಂತಾದಾಗ ಎಲ್ಲರೂ ಪ್ರಾರ್ಥನೆಗೆ ಕೂರುತ್ತೇವೆ, ಊಟ ಆಮೇಲೆ.

ಮೆದುಳಿನಲ್ಲಿ, ಮೈಯ ಚಲನೆಯನ್ನು ಹತೋಟಿಯಲ್ಲಿಡಲು ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತಾ ಹೋಗುವ ಈ ಕಾಯಿಲೆಯನ್ನು ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು 1817ರಲ್ಲೇ ವಿವರಿಸಿದ್ದರೂ, ಪೂರ್ತಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಹಾಗಾಗಿ ‘ಗುಣವಾಗಲಿ’ ಎಂದು ಬೇಡುವುದೋ, ‘ತಾಳಿಕೊಳ್ಳುವ ಶಕ್ತಿ ಕೊಡು’ ಎಂದು ಬೇಡುವುದೋ ಎಂಬಲ್ಲಿ ಅಮ್ಮನಿಗೂ ನನಗೂ ಒಮ್ಮತವಿಲ್ಲ. ಅಮ್ಮ ಮೊದಲನೆಯದನ್ನು ಬಿಟ್ಟುಕೊಟ್ಟಿಲ್ಲ. ‘ಇನ್ನಷ್ಟು ನಂಬಿಕೆಯಿಟ್ಟು ಬೇಡಿಕೊಳ್ಳಿ, ಮಾತ್ರೆಯೇ ಬೇಕಾಗದು’ ಎನ್ನುವ ಹಿತೈಷಿಗಳ ಮಾತಿಗೆ ಮಾತ್ರ ನಾವಿಬ್ಬರೂ ಕಿವಿಗೊಡುವುದಿಲ್ಲ.

ಅಪ್ಪನ ದನಿ ಕುಗ್ಗಿದೆ. ಮುಖದ ಸ್ನಾಯುಗಳೂ ಬಿಗಿದಿರುವುದರಿಂದ ನೋಡಿದವರು ಅವರಿಗೆ ಏನೋ ಬೇಸರವಿದೆ ಎಂದುಕೊಳ್ಳುತ್ತಾರೆ. ಆದರೆ ಪ್ರಾರ್ಥನೆಯ ಒಂದು ಸಾಲನ್ನು ನಾವು ಹಾರಿಸಿದರೂ ತಡೆದು ತಿದ್ದುವವರು ಅವರೇ, ನಮ್ಮ ಅವಸರವನ್ನು ಅವರು ಈಗಲೂ ಸಹಿಸುವುದಿಲ್ಲ.